ಟೀಚರ್ ಇಳಿಯದೆ ಹತ್ತಿದ ಏರು

1998ರಲ್ಲಿ ನಾನು ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ಎಸ್ಟೇಟಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ನನ್ನ ಕೆಲಸವೆಲ್ಲ ಪಲ್ಪರ್ ಮನೆಯ ಸುತ್ತಲೇ. ಕೊಯ್ದು ತಂದ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಅದನ್ನು ಓಡಿಸುವ ಡೀಸೆಲ್ ಎಂಜಿನ್, ಹಳ್ಳದಿಂದ ನೀರೆತ್ತುವ ಪಂಪು, ಇವು ಮೂರೂ ಕೆಟ್ಟು ನಿಲ್ಲದ ಹಾಗೆ ನೋಡಿಕೊಳ್ಳಬೇಕಿತ್ತು. ಡಿಸೆಂಬರಿನಿಂದ ಫೆಬ್ರವರಿವರೆಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಆಮೇಲೆ ಹೂಮಳೆ ಬಿದ್ದು ಗುಡ್ಡಕ್ಕೆ ಗುಡ್ಡವೇ ಬೆಳ್ಳಗೆ ಅರಳುವ ಹೊತ್ತಿಗೆ ಎಂಜಿನ್ ತಣ್ಣಗಾಗಿರುತ್ತಿತ್ತು, ನನಗೆ ಕನಸು ಕಾಣುವ ಬಿಡುವು ಸಿಗುತ್ತಿತ್ತು. ಯಾವುದೇ ಎಂಜಿನ್ನಿನ ಶಬ್ದ ಕೇಳುತ್ತ ಕೂತರೆ ನಾನು ಅದರೊಳಗೇ ಇಳಿದುಬಿಡುತ್ತೇನೆ. ಪಿಸ್ಟನ್ನಿನ ಜೊತೆ ಮೇಲೆ ಹೋಗುತ್ತೇನೆ, ಕೆಳಗೆ ಬರುತ್ತೇನೆ. ಈ ಅಭ್ಯಾಸಕ್ಕೆ ನನ್ನ ಹೆಂಡತಿ ಇಟ್ಟಿರುವ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಆ ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಗಣಪಯ್ಯ ಭಟ್ಟರು ತಮ್ಮ ಸ್ಕೂಟರ್ ತಳ್ಳಿಕೊಂಡು ನನ್ನ ಶೆಡ್ಡಿಗೆ ಬಂದರು. ಭಟ್ಟರು ಪಕ್ಕದ ಊರಿನವರು, ಎರಡು ಎಕರೆ ತೋಟ, ಸಣ್ಣದೊಂದು ಗುಡಿಯ ಪೂಜೆ. ಹೆಂಡತಿ ವಿಶಾಲಾಕ್ಷಿ ಟೀಚರ್, ದೇವರಮನೆ ಎಂಬ ಜಾಗದ ಕಡೆಯ ಗುಡ್ಡದ ಮೇಲಿನ ಏಕೋಪಾಧ್ಯಾಯ ಶಾಲೆಯಲ್ಲಿ ಪಾಠ ಹೇಳುವವರು. ಬಸ್ಸು ಹೋಗದ ದಾರಿ ಅದು. ಹನ್ನೊಂದು ವರ್ಷದಿಂದ ಭಟ್ಟರೇ ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದರು.

ಗಾಡಿ ಮಾತ್ರ ಸಣ್ಣದು, 98 ಸಿ.ಸಿ. ಶಾಲೆಯ ದಾರಿಯಲ್ಲಿ ಮೂರು ಕಡಿದಾದ ಏರುಗಳಿವೆ. ಇಬ್ಬರನ್ನೂ ಹೊತ್ತು ಆ ಏರು ಹತ್ತುವ ತಾಕತ್ತು ಅದಕ್ಕಿರಲಿಲ್ಲ. ಹಾಗಾಗಿ ಏರು ಬಂದ ಕೂಡಲೇ ಟೀಚರ್ ತಾವಾಗಿಯೇ ಇಳಿದು, ಕಾಫಿ ಗಿಡಗಳ ನಡುವಿನ ಒಳದಾರಿ ಹಿಡಿಯುತ್ತಿದ್ದರು. ಭಟ್ಟರು ಒಬ್ಬರೇ ಗಾಡಿ ಹತ್ತಿಸಿ, ಮೇಲೆ ಎಲೆಯಡಿಕೆ ಹಾಕಿಕೊಂಡು ಕಾಯುತ್ತಿದ್ದರು. ಸಂಜೆ ಟೀಚರ್ ಅದೇ ಒಳದಾರಿಯಲ್ಲಿ ನಡೆದೇ ಇಳಿದು ಬರುತ್ತಿದ್ದರು. ಇದು ನಮ್ಮ ಗುಡ್ಡಗಳಲ್ಲಿ ಹೊಸತೇನಲ್ಲ. ಹಿಂದೆ ಕೂತವರು ಏರಿನಲ್ಲಿ ಇಳಿಯುವುದು ಇಲ್ಲಿನ ಎಷ್ಟೋ ಸಂಸಾರಗಳ ಅಲಿಖಿತ ಕಾನೂನು. ಇಳಿಯಿರಿ ಎಂದು ಯಾರೂ ಹೇಳುವುದಿಲ್ಲ, ಇಳಿದದ್ದಕ್ಕೆ ಯಾರೂ ಬೇಸರಿಸುವುದೂ ಇಲ್ಲ.

ಭಟ್ಟರು ಸ್ಟ್ಯಾಂಡ್ ಹಾಕಿ, ಹೂವಿನ ಕಡೆ ನೋಡುತ್ತ ಹೇಳಿದರು:

"ಅವಳ ಹೃದಯದ ವಾಲ್ವು ಸರಿ ಇಲ್ಲ ಅಂದ್ರು ಡಾಕ್ಟ್ರು. ಇನ್ನು ಏರು ಹತ್ಲೇಬಾರ್ದಂತೆ. ವರ್ಗಾವಣೆ ಕೇಳಿದ್ವಿ, ಸಿಗ್ಲಿಲ್ಲ. ಕೆಲ್ಸ ಬಿಡ್ತೀನಿ ಅಂತ ಅರ್ಜಿ ಬರ್ದಿಟ್ಟಿದಾಳೆ. ಬರ್ದ ದಿನದಿಂದ ಮನೇಲಿ ಮಾತೇ ಇಲ್ಲ ಮಾರಾಯ. ಈಗ ರಜೆ ಹಾಕಿದಾಳೆ, ಜೂನ್ ಒಂದಕ್ಕೆ ಶಾಲೆ ಮತ್ತೆ ಶುರು. ಈ ಗಾಡಿಗೆ ಏನಾದ್ರೂ ಶಕ್ತಿ ತುಂಬೋಕಾಗ್ತದಾ ಶಿವಣ್ಣ?"

ಹೊಸ ಗಾಡಿ ತೆಗೆದುಕೊಳ್ಳುವ ಅನುಕೂಲ ಅವರಿಗಿರಲಿಲ್ಲ. ಟೀಚರಿಗೆ ಇನ್ನೂ ಆರು ವರ್ಷ ಸರ್ವಿಸಿತ್ತು.

"ಆಗ್ತದೆ" ಎಂದೆ. ತುಂಬ ಸಲ ಮಾಡಿದವನ ಹಾಗೆ ಎಂದೆ. ನಿಜವೆಂದರೆ ಟೂ ಸ್ಟ್ರೋಕ್ ಎಂಜಿನ್ನಿನ ಶಕ್ತಿ ಹೆಚ್ಚಿಸುವ ಕೆಲಸವನ್ನು ನಾನು ಜನ್ಮದಲ್ಲಿ ಮಾಡಿರಲಿಲ್ಲ. ಪ್ಲಗ್ ಒರೆಸಿದ್ದೆ, ಕ್ಲಚ್ ಕೇಬಲ್ ಹಾಕಿದ್ದೆ, ಅಷ್ಟೆ. ಆದರೆ ಆ ಕ್ಷಣದಲ್ಲಿ ಸ್ಕೂಟರ್ ನನ್ನ ಕಣ್ಣೆದುರು ಇಬ್ಬರನ್ನೂ ಕೂರಿಸಿಕೊಂಡು ಮಂಜಿನೊಳಗೆ ಹತ್ತಿ ಹೋಗುತ್ತಿತ್ತು. ಕನಸುಗಾರನ ಕಷ್ಟ ಇದೇ, ಕೆಲಸ ಮುಗಿದ ಚಿತ್ರ ಮೊದಲು ಬರುತ್ತದೆ.

ಏನು ಮಾಡಬೇಕೆಂದು ಓದಿ, ಕೇಳಿ, ಯೋಚಿಸಿ ಒಂದು ಲೆಕ್ಕಕ್ಕೆ ಬಂದೆ. ಎಂಜಿನ್ನಿನ ಶಕ್ತಿ ಹುಟ್ಟುವುದು ಸಿಲಿಂಡರಿನಲ್ಲಿ. ಅದು ಅಗಲವಾದರೆ, ಅದರೊಳಗೆ ಓಡಾಡುವ ಪಿಸ್ಟನ್ ದೊಡ್ಡದಾದರೆ, ಒಂದೊಂದು ಹೊಡೆತಕ್ಕೂ ಬಲ ಹೆಚ್ಚು. ನಮ್ಮ ಗಾಡಿಯ ಸಿಲಿಂಡರ್ ಐವತ್ತು ಮಿಲಿಮೀಟರ್ ಅಗಲವಿತ್ತು. ಗುಜರಿಯಲ್ಲಿ ದೊಡ್ಡ ಸ್ಕೂಟರಿನ ಸಿಲಿಂಡರೊಂದು ಸಿಕ್ಕಿತು. ಅದನ್ನು ಹೊಂದಿಸಿ ಐವತ್ತಾರಕ್ಕೆ ತಂದರೆ ಎಂಜಿನ್ ಸುಮಾರು 120 ಸಿ.ಸಿ. ಆಗುತ್ತಿತ್ತು. ಅದನ್ನು ಕೈಚೀಲದಲ್ಲಿಟ್ಟುಕೊಂಡು ಚಿಕ್ಕಮಗಳೂರಿಗೆ, ಲೇತ್ ಅಂಗಡಿಯ ವಾಸು ಆಚಾರ್ರ ಬಳಿಗೆ ಹೋದೆ.

ಆಚಾರ್ರು ಸಿಲಿಂಡರನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿದರು. "ಪಿಸ್ಟನ್ನಿಗೂ ಗೋಡೆಗೂ ಎಷ್ಟು ಸಂದು ಬಿಡ್ಲಿ?" ಎಂದು ಕೇಳಿದರು.

"ಎರಡು ಥೌ ಸಾಕು" ಎಂದೆ. ಥೌ ಎಂದರೆ ಇಂಚಿನ ಸಾವಿರದ ಒಂದು ಪಾಲು. ಸಂದು ಕಡಿಮೆಯಿದ್ದಷ್ಟೂ ಬಲ ಸೋರುವುದಿಲ್ಲ ಎಂಬುದು ನನ್ನ ತಿಳಿವಳಿಕೆ.

ಆಚಾರ್ರು ಕನ್ನಡಕದ ಮೇಲಿಂದ ನೋಡಿದರು. "ಮೊದ್ಲು ಮಾಡಿ ಗೊತ್ತಿದ್ಯಾ?"

"ಹ್ಞೂಂ, ಮಾಡಿದೀನಿ."

ಅವರು ಮತ್ತೆ ಮಾತಾಡಲಿಲ್ಲ, ಲೇತ್ ಚಾಲೂ ಮಾಡಿದರು.

ಆ ಏಪ್ರಿಲ್ ನನ್ನ ಜೀವನದ ಅತ್ಯಂತ ಸುಖದ ತಿಂಗಳು ಎಂದರೆ ತಪ್ಪಾಗಲಾರದು. ಎಸ್ಟೇಟಿನ ಕೆಲಸ ಮುಗಿಸಿ ಶೆಡ್ಡಿನ ಬಾಗಿಲಲ್ಲಿ ಗೋಣಿ ಹಾಸಿ ಕೂರುತ್ತಿದ್ದೆ. ಅರದಿಂದ ಅಲ್ಯೂಮಿನಿಯಂ ಉಜ್ಜುತ್ತಿದ್ದೆ. ಗಾಳಿ ಪೆಟ್ರೋಲು ಒಳಗೆ ಬರುವ ದಾರಿ, ಹೊಗೆ ಹೊರಗೆ ಹೋಗುವ ದಾರಿ, ಇವನ್ನು ಕೂದಲೆಳೆಯಷ್ಟಾಗಿ ಅಗಲ ಮಾಡುವುದು, ಬೆರಳಾಡಿಸಿ ನುಣುಪು ನೋಡುವುದು. ಬೂದು ಪುಡಿ ಮಡಿಲಲ್ಲಿ ಉದುರುತ್ತಿತ್ತು. ಹೂವಿನ ವಾಸನೆ, ಸೀಮೆಎಣ್ಣೆಯ ವಾಸನೆ, ಎರಡೂ ಕೂಡಿ ತಲೆಗೆ ಹಿತವಾದ ಮಂಕು. ಎಷ್ಟೋ ಸಲ ಅರ ಕೈಯಲ್ಲೇ ಇರುತ್ತಿತ್ತು, ನಾನು ಮಾತ್ರ ಆ ಸಣ್ಣ ದಾರಿಗಳೊಳಗೆ ಎಲ್ಲೋ ಹೋಗಿರುತ್ತಿದ್ದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಂದು ಕರೆದರೂ ಕೇಳುತ್ತಿರಲಿಲ್ಲ. "ಶಿವಣ್ಣ ಸ್ಕೂಟರ್ ಮಾಡ್ತಿದಾನೋ, ವಿಮಾನ ಮಾಡ್ತಿದಾನೋ!" ಎಂದು ಅವನು ಕೂಲಿ ಲೈನಿನ ಮನೆಯವರಿಗೆಲ್ಲ ಹೇಳಿಕೊಂಡು ನಗಾಡಿದ.

ಮೇ ಮೊದಲ ವಾರ ಎಂಜಿನ್ ಕೂಡಿಸಿದೆ. ಎರಡನೇ ಕಿಕ್ಕಿಗೇ ಹತ್ತಿಕೊಂಡಿತು. ಆ ಶಬ್ದ ಕೇಳಿ ನನಗೆ ಕಣ್ಣು ತುಂಬಿ ಬಂತು, ಅದರಲ್ಲಿ ನಾಚಿಕೆಯೇನಿಲ್ಲ. ಹೊಸ ಪಿಸ್ಟನ್ ಪಳಗಲಿ ಎಂದು ಐನೂರು ಕಿಲೋಮೀಟರ್ ಸಪಾಟು ರಸ್ತೆಯಲ್ಲಿ ನಿಧಾನವಾಗಿ ಓಡಿಸಿದೆ. ಮೇ ಕೊನೆಯ ವಾರ, ಒಂದು ಬೆಳಿಗ್ಗೆ, ಶಾಲೆಯ ದಾರಿಯಲ್ಲೇ ಪರೀಕ್ಷೆ ಮಾಡೋಣ ಎಂದು ಭಟ್ಟರಿಗೆ ಹೇಳಿ, ನಾನು ಮುಂಚೆಯೇ ಎಸ್ಟೇಟ್ ಜೀಪಿನಲ್ಲಿ ಹೋಗಿ ಶಾಲೆಯ ಅಂಗಳದಲ್ಲಿ ನಿಂತೆ.

ಮಂಜು ದಟ್ಟವಾಗಿತ್ತು. ಕೆಳಗಿನದೇನೂ ಕಾಣುತ್ತಿರಲಿಲ್ಲ, ಶಬ್ದ ಮಾತ್ರ ಬರುತ್ತಿತ್ತು. ಮೊದಲನೇ ಏರು. ಎಂಜಿನ್ ದನಿ ತಗ್ಗಲಿಲ್ಲ. ಎರಡನೆಯದು. ಮೂರನೆಯದರಲ್ಲಿ ಸ್ವಲ್ಪ ಏದುಸಿರು ಬಿಟ್ಟಿತು, ಭಟ್ಟರು ಗೇರು ಇಳಿಸಿದ್ದು ಕೇಳಿಸಿತು, ಮತ್ತೆ ದನಿ ಗಟ್ಟಿಯಾಯಿತು. ಆಮೇಲೆ ಮಂಜಿನೊಳಗಿಂದ ದೀಪ, ಅದರ ಹಿಂದೆ ಭಟ್ಟರು, ಅವರ ಹಿಂದೆ ಸೀರೆಯ ಸೆರಗನ್ನು ಬಿಗಿಯಾಗಿ ಹೊದ್ದ ಟೀಚರ್. ಇಬ್ಬರೂ ಗಾಡಿಯ ಮೇಲೇ ಇದ್ದರು. ಗಾಡಿ ನಿಂತ ಮೇಲೂ ಟೀಚರ್ ಇಳಿಯಲಿಲ್ಲ.

"ಹನ್ನೊಂದು ವರ್ಷದಲ್ಲಿ ಈ ಮೂರನೇ ತಿರುವು ಹೇಗಿದೆ ಅಂತ ನೋಡೇ ಇರ್ಲಿಲ್ಲ" ಎಂದರು. "ಅಲ್ಲೊಂದು ಹೊಳೆಮತ್ತಿ ಮರ ಇದೆ ಕಣ್ರೀ."

ಶಾಲೆಯ ಬೀಗ ತೆಗೆದು, ಒಳಗೆ ಬೆಂಚಿನ ಮೇಲೆ ಕೂತು, ಫ್ಲಾಸ್ಕಿನ ಕಾಫಿ ಕುಡಿದೆವು. ಜೀಪು ಆಗಲೇ ಹೊರಟುಹೋಗಿತ್ತು. ಅವರಿಬ್ಬರೂ ಸ್ಕೂಟರಿನಲ್ಲಿ ಮುಂದೆ ಇಳಿದರು, ನಾನು ಒಳದಾರಿಯಲ್ಲಿ ಹಿಂದೆ ನಡೆದೆ. ಗಾಡಿಯ ಶಬ್ದ ತಿರುವಿನಿಂದ ತಿರುವಿಗೆ ಕೆಳಗಿಳಿಯುತ್ತಿತ್ತು. ನಾನು ಯಾವ ಲೋಕದಲ್ಲಿದ್ದೆನೋ ಗೊತ್ತಿಲ್ಲ. ಇದ್ದಕ್ಕಿದ್ದಂತೆ ಶಬ್ದ ನಿಂತಿತು. ಕಿರ್ರೆಂದು ಟೈರು ಉಜ್ಜಿದ ಸದ್ದು, ಆಮೇಲೆ ಏನೂ ಇಲ್ಲ. ಅಂಥ ಮೌನವನ್ನು ನಾನು ಮತ್ತೆ ಕೇಳಿಲ್ಲ.

ಬಿದ್ದು ಎದ್ದು ಓಡಿದೆ. ಎರಡನೇ ಇಳಿಜಾರಿನಲ್ಲಿ ಸ್ಕೂಟರ್ ಚರಂಡಿಯಲ್ಲಿ ಮಲಗಿತ್ತು. ಭಟ್ಟರ ಮೊಣಕೈ ತರಚಿತ್ತು. ಟೀಚರ್ ರಸ್ತೆಯಂಚಿನ ಮಣ್ಣಿನ ಮೇಲೆ ಕೂತು, ಎದೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ್ದರು. ಸುಮಾರು ಹತ್ತು ನಿಮಿಷದ ಮೇಲೆ ಅವರು ಕಣ್ಣು ಬಿಟ್ಟು, "ಏನಾಗಿಲ್ಲ, ಎದೆ ಹೊಡ್ಕೊಳ್ತಿತ್ತು ಅಷ್ಟೆ. ಈಗ ಸರಿಯಾಯ್ತು" ಎಂದರು. ಪುಣ್ಯಕ್ಕೆ ಅಷ್ಟರಲ್ಲೇ ಮುಗಿಯಿತು.

ಕಿಕ್ ಒತ್ತಿದರೆ ಅಲುಗಲಿಲ್ಲ. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ನಾವು ಇದಕ್ಕೆ ಎಂಜಿನ್ ಸೀಜ್ ಆಯಿತು ಎನ್ನುತ್ತೇವೆ. ಓಡುತ್ತಿರುವಾಗ ಹೀಗಾದರೆ ಹಿಂದಿನ ಚಕ್ರ ಇದ್ದಲ್ಲೇ ಕಟ್ಟಿಹಾಕಿದಂತೆ ನಿಂತುಬಿಡುತ್ತದೆ.

"ಪೆಟ್ರೋಲಿಗೆ ಎಣ್ಣೆ ಸರಿಯಾಗಿ ಬೆರೆಸಿಲ್ಲ ಬಂಕಿನವ್ರು, ಅಲ್ದಾ?" ಎಂದರು ಭಟ್ಟರು.

"ಇರ್ಬಹುದು" ಎಂದೆ. ನನ್ನ ವೃತ್ತಿಯಲ್ಲಿ ನಾನು ಆಡಿದ ಅತಿ ಕೆಟ್ಟ ಮಾತು ಅದು.

ಮರುದಿನ ಸಿಲಿಂಡರ್ ಬಿಚ್ಚಿ ಆಚಾರ್ರ ಮುಂದಿಟ್ಟೆ. ಪಿಸ್ಟನ್ನಿನ ಮೈಮೇಲೆ ಉದ್ದುದ್ದ ಗೀರು. ಆಚಾರ್ರು ಅದರ ಮೇಲೆ ಉಗುರು ಎಳೆದು ನೋಡಿದರು.

"ಏರಲ್ಲಿ ಹಿಡೀತಾ, ಇಳಿಜಾರಲ್ಲಾ?"

"ಇಳಿಜಾರಲ್ಲಿ."

"ಭಟ್ರು ಆಕ್ಸಿಲರೇಟರ್ ಪೂರ್ತಿ ಮುಚ್ಚಿ, ಗೇರಲ್ಲೇ ಇಳಿಸಿರ್ತಾರೆ."

ನಮ್ಮ ಕಡೆ ಎಲ್ಲರೂ ಇಳಿಸುವುದು ಹಾಗೆಯೇ. ಪೆಟ್ರೋಲ್ ಉಳಿಯುತ್ತದೆ, ಬ್ರೇಕು ಸವೆಯುವುದಿಲ್ಲ. ಆಗ ಹೊಳೆಯಿತು ನೋಡಿ. ನನ್ನ ಪಲ್ಪರ್ ಮನೆಯ ಡೀಸೆಲ್ ಎಂಜಿನ್ನಿಗೆ ಹೊಟ್ಟೆಯಲ್ಲೇ ಎಣ್ಣೆ ಇರುತ್ತದೆ, ಓಡುವಷ್ಟು ಹೊತ್ತೂ ತಾನೇ ಚಿಮ್ಮಿಸಿಕೊಳ್ಳುತ್ತದೆ. ಇಪ್ಪತ್ತು ವರ್ಷ ಅದರ ಜೊತೆ ಬಾಳಿದವನಿಗೆ ಎಣ್ಣೆ ಎನ್ನುವುದು ಯೋಚಿಸಬೇಕಾದ ಸಂಗತಿಯೇ ಆಗಿರಲಿಲ್ಲ. ಟೂ ಸ್ಟ್ರೋಕಿನಲ್ಲಿ ಹಾಗಲ್ಲ, ಪೆಟ್ರೋಲಿನ ಜೊತೆ ಬೆರೆತು ಬಂದದ್ದೇ ಎಣ್ಣೆ. ಆಕ್ಸಿಲರೇಟರ್ ಮುಚ್ಚಿದರೆ ಪೆಟ್ರೋಲೂ ಇಲ್ಲ, ಎಣ್ಣೆಯೂ ಇಲ್ಲ. ಚಕ್ರ ಮಾತ್ರ ಇಳಿಜಾರಿನ ರಭಸಕ್ಕೆ ಎಂಜಿನ್ನನ್ನು ಒಣಗಂಟಲಲ್ಲೇ ತಿರುಗಿಸುತ್ತಿರುತ್ತದೆ. ಹಳೆಯ ಪಿಸ್ಟನ್ ಸವೆದು ಸಡಿಲವಾಗಿತ್ತು, ಅದಕ್ಕೇ ಹನ್ನೊಂದು ವರ್ಷ ತಡೆದುಕೊಂಡಿತ್ತು. ನನ್ನ ಎರಡು ಥೌ ಬಿಗಿಯ ಪಿಸ್ಟನ್ ಎರಡು ಇಳಿಜಾರನ್ನೂ ತಡೆಯಲಿಲ್ಲ. ಏರಿನ ಬಗ್ಗೆ ಎರಡು ತಿಂಗಳು ಕನಸು ಕಂಡವನು ಇಳಿಯುವುದರ ಬಗ್ಗೆ ಒಂದು ನಿಮಿಷವೂ ಯೋಚಿಸಿರಲಿಲ್ಲ.

"ಘಟ್ಟದ ಗಾಡಿಗೆ ನಾಲ್ಕು ಥೌ ಬಿಡ್ಬೇಕು. ತಿರುವಿಗೊಂದು ಸಲ ಕ್ಲಚ್ ಹಿಡಿದು ಆಕ್ಸಿಲರೇಟರ್ ಕೊಡ್ಬೇಕು, ಎಣ್ಣೆ ಹೋಗ್ತದೆ" ಎಂದರು ಆಚಾರ್ರು. "ಅವತ್ತೇ ಹೇಳ್ತಿದ್ದೆ. ನೀನು ಮಾಡಿದೀನಿ ಅಂದ್ಯಲ್ಲ ಮಾರಾಯ. ಗೊತ್ತಿರೋನಿಗೆ ಎಂತ ಹೇಳೋದು ಅಂತ ಸುಮ್ನಾದೆ."

ಬಸ್ಸಿನಲ್ಲಿ ವಾಪಸ್ ಬರುವಾಗ ಕಿಟಕಿಯಾಚೆ ಏನಿತ್ತೋ ಕಾಣಲಿಲ್ಲ. ಬಸ್ಸಿಳಿದವನು ಸೀದಾ ಭಟ್ಟರ ಮನೆಗೆ ಹೋಗಿ, ಜಗಲಿಯಲ್ಲಿ ನಿಂತುಕೊಂಡೇ ಹೇಳಿದೆ. ಬಂಕಿನವರ ತಪ್ಪಿಲ್ಲ, ಭಟ್ಟರದ್ದೂ ಇಲ್ಲ. ತಪ್ಪು ನನ್ನದು. ಈ ಕೆಲಸ ನನಗೆ ಮೊದಲನೆಯದು, ಅದನ್ನು ಮುಚ್ಚಿಟ್ಟೆ.

ಭಟ್ಟರು ಮುಖ ಕೆಂಪಗೆ ಮಾಡಿಕೊಂಡು ಒಳಗೆ ಹೋದರು. ಬೈದಿದ್ದರೆ ಹಗುರಾಗುತ್ತಿತ್ತು. ಟೀಚರ್, "ಮತ್ತೆ ಕಟ್ತೀರಾ?" ಎಂದು ಕೇಳಿದರು.

"ಕಟ್ತೀನಿ ಟೀಚರ್. ಆದ್ರೆ ಸರಿಯಾಗ್ತದೆ ಅಂತ ಮಾತು ಕೊಡೋಕೆ ಧೈರ್ಯ ಇಲ್ಲ."

"ಹಾಗಾದ್ರೆ ಕಟ್ಟಿ" ಎಂದರು.

ಮೂರು ದಿನ ಎಸ್ಟೇಟಿಗೆ ರಜೆ ಹಾಕಿದೆ. ಬೇರೆ ಪಿಸ್ಟನ್, ನಾಲ್ಕು ಥೌ ಸಂದು, ಲೀಟರಿಗೆ ಇಪ್ಪತ್ತು ಮಿಲಿ ಬದಲು ನಲವತ್ತು ಮಿಲಿ ಎಣ್ಣೆ. ಈ ಸಲ ಕನಸು ಕಾಣಲಿಲ್ಲ, ಪ್ರತಿ ಬೋಲ್ಟನ್ನೂ ಎಣಿಸಿ ಹಾಕಿದೆ. ಮೇ ಮೂವತ್ತೊಂದರ ಬೆಳಿಗ್ಗೆ ನಾನೊಬ್ಬನೇ ಆ ದಾರಿಯಲ್ಲಿ ಐದು ಸಲ ಹತ್ತಿ ಇಳಿದೆ. ಆರನೇ ಸಲ ಭಟ್ಟರ ಮನೆ ಮುಂದಿನಿಂದ ಹೊರಡುವಾಗ ಟೀಚರ್ ಬಂದು ಹಿಂದೆ ಕೂತರು.

"ಬೇಡ ಟೀಚರ್."

"ನಾಳೆ ಹೇಗೂ ಕೂರ್ಲೇಬೇಕಲ್ಲ. ಇವತ್ತು ನೀವೇ ಕರ್ಕೊಂಡು ಹೋಗಿ."

ಏರು ಸಲೀಸಾಗಿ ಮುಗಿಯಿತು. ಶಾಲೆಯಿಂದ ಕೆಳಗೆ ತಿರುಗಿ, ಪ್ರತಿ ತಿರುವಿಗೂ ಮೊದಲು ಕ್ಲಚ್ ಹಿಡಿದು ಆಕ್ಸಿಲರೇಟರ್ ಕೊಟ್ಟೆ. ಪ್ರತಿ ಸಲವೂ ನೀಲಿ ಹೊಗೆಯ ಒಂದು ಉಂಡೆ ಹಿಂದೆ ಮಂಜಿನಲ್ಲಿ ಕರಗುತ್ತಿತ್ತು. ಬಿದ್ದ ಜಾಗ ದಾಟಿತು. ಹಿಂದೆ ಕೂತವರ ಕೈ ನನ್ನ ಭುಜ ಹಿಡಿದದ್ದು ಬಿಗಿಯಾಗಿಯೇ ಇತ್ತು. ಕೆಳಗಿನ ಸೇತುವೆ ಹತ್ತಿರ ಗಾಡಿ ನಿಲ್ಲಿಸಿದ ಮೇಲೆಯೇ ಅದು ಸಡಿಲಾಯಿತು.

"ಒಂದು ಕೇಳ್ಲಾ?" ಎಂದರು ಟೀಚರ್. "ಮೊದ್ಲನೇ ಸಲ ಮಾಡ್ತಿದೀನಿ ಅಂತ ಮಾರ್ಚಲ್ಲೇ ಹೇಳಿದ್ರೆ ನಾವು ಬೇಡ ಅಂತಿದ್ವಾ? ನನ್ನ ಕ್ಲಾಸಲ್ಲೂ ಗೊತ್ತಾಯ್ತಾ ಅಂದ್ರೆ ಎಲ್ಲಾ ಮಕ್ಳೂ ತಲೆ ಆಡಿಸ್ತಾವೆ. ಗೊತ್ತಾಗ್ಲಿಲ್ಲ ಅಂತ ಒಂದು ಹೇಳಿದ್ರೆ ಮಾತ್ರ ನಂಗೆ ಕೆಲ್ಸ ಇರೋದು."

ಮರುದಿನ ಜೂನ್ ಒಂದರಂದು ಶಾಲೆ ತೆರೆಯಿತು. ಟೀಚರ್ ಆರು ವರ್ಷವೂ ಪಾಠ ಹೇಳಿ, 2004ರಲ್ಲಿ ವಯಸ್ಸು ತುಂಬಿಯೇ ನಿವೃತ್ತರಾದರು. ನಾನು ಎಸ್ಟೇಟ್ ಬಿಟ್ಟ ಮೇಲೆ ಮೂಡಿಗೆರೆಯಲ್ಲಿ ಸಣ್ಣ ಗ್ಯಾರೇಜ್ ಹಾಕಿದೆ. ನನಗೆ ಹೊಸದಾದ ಕೆಲಸ ಯಾರಾದರೂ ತಂದರೆ, ಸ್ಪ್ಯಾನರ್ ಮುಟ್ಟುವ ಮೊದಲು, ಇದು ನನಗೆ ಮೊದಲನೆಯದು ಎಂದು ಹೇಳಿಬಿಡುತ್ತೇನೆ. ಒಬ್ಬಿಬ್ಬರು ಗಾಡಿ ವಾಪಸ್ ತಳ್ಳಿಕೊಂಡು ಹೋದದ್ದೂ ಉಂಟು. ಉಳಿದವರು ಸ್ಟೂಲ್ ಎಳೆದುಕೊಂಡು ಕೂತು, ಗಾಡಿಯ ಬಗ್ಗೆ ತಮಗೆ ಗೊತ್ತಿದ್ದದ್ದನ್ನೆಲ್ಲ ನನಗೆ ಹೇಳುತ್ತಾರೆ.