ಸರ್ಜಾಪುರದ ಆಚೆಗಿನ ಭಾನುವಾರಗಳು

ನಾನು ಚರ್ಚಿಗೆ ಹೋಗುವುದನ್ನು ಬಿಟ್ಟಿದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕಿದ ಮೇಲೆ ಭಾನುವಾರ ನಿದ್ದೆಯ ದಿನವಾಯಿತು, ಅಷ್ಟೆ. ಪೂಜೆಗೆ ಹೋದೆಯಾ ಎಂದು ಅಮ್ಮ ಫೋನಿನಲ್ಲಿ ಕೇಳುವುದನ್ನೂ ನಿಲ್ಲಿಸಿದ್ದರು.

ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಕಾನ್ವೆಂಟಿನ ಸಿಸ್ಟರ್ ಒಬ್ಬರಿಗೆ ವ್ಯಾನ್ ಓಡಿಸುವವರು ಬೇಕಿತ್ತು. ಸರ್ಜಾಪುರ ದಾಟಿ, ತಮಿಳುನಾಡಿನ ಗಡಿಯಂಚಿನಲ್ಲಿ ಕಟ್ಟಡ ಕೆಲಸಗಾರರ ತಗಡಿನ ಶೆಡ್ಡುಗಳಿದ್ದವು. ನರ್ಸಿಂಗ್ ಕಲಿತಿದ್ದ ಸಿಸ್ಟರ್ ಭಾನುವಾರ ಅಲ್ಲಿಗೆ ಹೋಗಿ ಬಸುರಿಯರನ್ನೂ ಮಕ್ಕಳನ್ನೂ ನೋಡುತ್ತಿದ್ದರು. ಗಾಡಿ ಓಡಿಸುವುದು ನನಗೆ ಇಷ್ಟ, ಒಪ್ಪಿಕೊಂಡೆ.

ಒಂದು ಭಾನುವಾರ ನಾವು ಹೋಗುವಷ್ಟರಲ್ಲಿ ಯಾದಗಿರಿ ಕಡೆಯ ಹೆಂಗಸೊಬ್ಬಳಿಗೆ ದಿನ ತುಂಬುವ ಮೊದಲೇ ಹೆರಿಗೆ ನೋವು ಶುರುವಾಗಿತ್ತು. ಗಂಡ ಕೆಲಸದ ಜಾಗದಲ್ಲಿದ್ದ. ಆಂಬುಲೆನ್ಸಿಗೆ ಫೋನ್ ಮಾಡಿದರೆ ಕರೆ ಗಡಿಯಾಚೆಯ ಟವರಿಗೆ ಹೋಗಿ, ಯಾರೋ ತಮಿಳಿನಲ್ಲಿ ಯಾವ ಊರು ಎಂದು ಕೇಳಿದರು. ಅದನ್ನು ವಿವರಿಸುತ್ತಾ ಕೂರುವಷ್ಟು ಸಮಯವಿರಲಿಲ್ಲ. ಅವಳನ್ನು ವ್ಯಾನಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಹೊರಟೆವು.

ಹೊಂಡಗಳ ರಸ್ತೆ. ಅವಳು ನನ್ನ ಸೀಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. "ಅಕ್ಕಾ, ಸುಮ್ನ ಕುಂದರಬ್ಯಾಡ್ರಿ. ನಿಮ್ಮ ದೇವ್ರಿಗೆ ಏನಾರ ಹೇಳ್ರಿ," ಎಂದಳು.

ಸಿಸ್ಟರ್ ಹೇಳುತ್ತಾರೆಂದು ಕಾದೆ. ಅವರು ವಾಚು ನೋಡುತ್ತಾ ಅವಳ ನಾಡಿ ಎಣಿಸುತ್ತಿದ್ದರು. ಕೊನೆಗೆ ನಾನೇ, ಚಿಕ್ಕವಳಿದ್ದಾಗ ಧರ್ಮೋಪದೇಶದ ತರಗತಿಯಲ್ಲಿ ಕಲಿತ ಮಾತೆ ಮರಿಯಳ ಪ್ರಾರ್ಥನೆಯನ್ನು ಶುರುಮಾಡಿದೆ. ಅರ್ಧಕ್ಕೇ ಮರೆತುಹೋಯಿತು. ಮತ್ತೆ ಮೊದಲಿನಿಂದ ಹೇಳಿದೆ. ಪ್ರತಿ ಸಲ ಒಂದೊಂದು ಸಾಲು ಮುಂದೆ ಹೋಗುತ್ತಿತ್ತು. ಆಸ್ಪತ್ರೆಯ ಗೇಟು ಬರುವ ಹೊತ್ತಿಗೆ ಪೂರ್ತಿ ನೆನಪಾಗಿತ್ತು.

ಹೆಣ್ಣು ಮಗು, ತೂಕ ಕಡಿಮೆ. ಆದರೂ ಜೋರಾಗಿಯೇ ಅತ್ತಿತು.

ಕಾರಿಡಾರಿನಲ್ಲಿ ಚಹಾ ಕುಡಿಯುವಾಗ ಸಿಸ್ಟರನ್ನು ಕೇಳಿದೆ, ನಾನು ಅಷ್ಟು ಹೊತ್ತು ಯಾರ ಜೊತೆ ಮಾತಾಡುತ್ತಿದ್ದೆ ಎಂದು.

"ಮಾತೆ ಮರಿಯ ಕೇಳಿಸ್ಕೊಳ್ತಾರೆ ಅಂತ ನಾನು ನಂಬ್ತೀನಿ. ನಿಂಗೆ ಹೇಗನ್ನಿಸ್ತು?" ಎಂದರು.

ಯಾರೋ ಇದ್ದಾರೆ ಅನ್ನಿಸಿದ್ದು ನಿಜ. ಅದನ್ನು ಹೇಳಲು ಸಂಕೋಚವಾಗಿ ಚಹಾ ಮುಗಿಸಿದೆ. ಆದರೆ ಅದು ಯಾರು ಎಂಬ ಕುತೂಹಲ ನನ್ನನ್ನು ಬಿಡಲಿಲ್ಲ. ಮುಂದಿನ ವಾರ ಚರ್ಚಿನ ಬೆಳಗಿನ ಪೂಜೆಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಬಾಯಿಪಾಠವಾಗಿದ್ದ ಮಾತುಗಳನ್ನೆಲ್ಲ ಹೊಸಬಳಂತೆ ಕೇಳಿಸಿಕೊಂಡೆ. 'ನಾನು ವಿಶ್ವಾಸಿಸುತ್ತೇನೆ' ಎಂದು ಎಲ್ಲರೂ ಒಟ್ಟಿಗೆ ಹೇಳುವ ವಿಶ್ವಾಸ ಪ್ರಕಟಣೆಯಲ್ಲಿ ಕೆಲವು ಸಾಲುಗಳನ್ನು ಗಟ್ಟಿಯಾಗಿ ಹೇಳಿದೆ, ಕೆಲವಕ್ಕೆ ಸುಮ್ಮನಿದ್ದೆ. ಆಮೇಲಿನ ವಾರಗಳಲ್ಲಿ ಸುಮ್ಮನಿರುವ ಸಾಲುಗಳು ಕಡಿಮೆಯಾದವು.

ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ರಜೆ ಹಾಕಿ, ಚರ್ಚಿನಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡು ನೇರವಾಗಿ ಶೆಡ್ಡುಗಳಿಗೆ ಹೋದೆ. ನನ್ನ ಹಣೆಯ ಮೇಲಿನ ಬೂದಿಯ ಶಿಲುಬೆಯನ್ನು ಆ ತಾಯಿ ಮಗುವನ್ನೆತ್ತಿಕೊಂಡೇ ಹತ್ತಿರ ಬಂದು ನೋಡಿದಳು.

"ನಿಮ್ಮಾಗೂ ಇಭೂತಿ ಹಚ್ಕೋತಾರೇನ್ರಿ?"

ವರ್ಷಕ್ಕೊಮ್ಮೆ, ನಾವು ಮಣ್ಣು ಎಂದು ನೆನಪಿಸಿಕೊಳ್ಳಲು ಎಂದೆ.

"ವರ್ಷಕ್ಕೊಮ್ಮೆ ನೆನೆಸಿದ್ರ ಸಾಕಾಗ್ತದೇನ್ರಿ? ನಾವು ದಿನಾ ಹಚ್ಕೋತೀವಿ," ಎಂದು ನಕ್ಕು, ಮಗುವನ್ನು ನನ್ನ ಕೈಗೆ ಕೊಟ್ಟು ನೀರು ಹಿಡಿಯಲು ಹೋದಳು.