ದೊಡ್ಡವ್ವನ ಬೆನ್ನು, ದೊಡ್ಡಪ್ಪನ ಸೀರೆ

ನಮ್ಮ ಕಡೆ ಎಲುಬಿನ ನೆನಪಾಗುವುದು ಬೈಯುವಾಗ ಮಾತ್ರ. 'ಎಲುಬು ಮುರೀತೇನಿ ನೋಡು' ಎಂದು ಬೆದರಿಸಲು ಅದು ಬೇಕು. ನಾಲಿಗೆಗೆ ಅದು ಇಲ್ಲವಲ್ಲ ಎಂದು ದೂರಲು ಬೇಕು. ಉಳಿದ ಹೊತ್ತು ಪಾಪ, ಮೈಯೊಳಗೆ ತನ್ನ ಪಾಡಿಗೆ ತಾನು ನಿಂತು ನಮ್ಮನ್ನು ಹೊತ್ತುಕೊಂಡಿರುತ್ತದೆ. ನನ್ನೊಳಗೊಂದು ಅಸ್ಥಿಪಂಜರವಿದೆ ಎಂಬುದನ್ನು ನಾನೂ ಬಹಳ ಕಾಲ ಒಂದು ವದಂತಿಯಂತೆಯೇ ನಂಬಿಕೊಂಡಿದ್ದೆ. ಅದನ್ನು ಖಾತ್ರಿ ಮಾಡಿಕೊಟ್ಟದ್ದು ಇಳಕಲ್ಲಿನ ಒಂದು ಸೀರೆ.

ನನ್ನ ತಾಯಿಯ ಅಕ್ಕ, ದೊಡ್ಡವ್ವ, ಇಳಕಲ್ಲಿನ ನೇಕಾರರ ಮನೆಗೆ ಸೊಸೆಯಾಗಿ ಹೋದವಳು. ಸಣಕಲು ಮೈ, ದೊಡ್ಡ ದನಿ. ದೊಡ್ಡಪ್ಪ ವರ್ಷವಿಡೀ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಊರಿನ ವ್ಯಾಪಾರಸ್ಥರಿಗಾಗಿ ನೇಯುತ್ತಿದ್ದ. ದೀಪಾವಳಿಗೆ ಮಾತ್ರ ಒಂದು ಸೀರೆಯನ್ನು ಹೆಂಡತಿಗೆಂದೇ ನೇಯುತ್ತಿದ್ದ. ಹದಿನೈದು ವರ್ಷದ ಹಿಂದಿನ ಮಾತಿರಬೇಕು. ಈ ಕತೆಯನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಸೀರೆಯ ಬಣ್ಣದ ವಿಷಯದಲ್ಲಿ ನನ್ನನ್ನು ನಂಬುವಂತಿಲ್ಲ. ಒಮ್ಮೆ ದಾಳಿಂಬೆ ಬಣ್ಣ ಎನ್ನುತ್ತೇನೆ, ಒಮ್ಮೆ ನವಿಲುಬಣ್ಣ; ಕೇಳುವವರು ಎರಡಕ್ಕೂ ತಲೆದೂಗುತ್ತಾರೆ. ಅಗಲವನ್ನು ಮಾತ್ರ ನಂಬಬಹುದು. ಅದರ ಮೇಲೆ ಜಗಳವಾಗಿದೆ.

"ಈ ಸಲ ಅಗಲ ಮಾಡೀರಿ ನೋಡ್ರಿ. ನಿರಿಗಿ ನೆಲಾ ಕಸ ಹೊಡ್ಯಾಕತ್ತೈತಿ," ಎಂದಳು ದೊಡ್ಡವ್ವ, ಹೊಸ ಸೀರೆ ಉಟ್ಟು ಪಡಸಾಲೆಯಲ್ಲಿ ನಿಂತು.

"ನಮ್ಮಪ್ಪನ ಕಾಲದ ಫಣಿ ಅದು. ಮಗ್ಗ ಸುಳ್ಳ ಹೇಳಂಗಿಲ್ಲ. ನೀನ ನೆಟ್ಟಗ ಉಟಗೋ."

"ಅಂದ್ರ ನಾ ಸುಳ್ಳ ಹೇಳ್ತೇನೇನು? ಇಷ್ಟ ವರ್ಷ ಉಟ್ಟಾಕಿ ನಾನೋ, ನಿಮ್ಮ ಮಗ್ಗೋ?"

ಫಣಿ ಎಂದರೆ ಎಳೆಗಳನ್ನು ಸಾಲಾಗಿ ಹಿಡಿಯುವ ಹಣಿಗೆ. ಬಟ್ಟೆಯ ಅಗಲ ಅದರ ಕೈಯಲ್ಲಿ. ನೇಕಾರನಿಗೆ ಅಗಲ ತಪ್ಪಿದೆ ಎನ್ನುವುದು ಹಾಡುವವನಿಗೆ ಶ್ರುತಿ ತಪ್ಪಿದೆ ಎಂದಂತೆ. ಆ ದಿನ ದೊಡ್ಡಪ್ಪ ಊಟಕ್ಕೂ ಮಗ್ಗದ ಕುಣಿಯಿಂದ ಮೇಲೆ ಬರಲಿಲ್ಲವೆಂದು ಮನೆಯಲ್ಲಿ ಹೇಳುತ್ತಾರೆ. ಅಷ್ಟು ಚೆಂದದ ಸಿಟ್ಟನ್ನು ನಾನು ನಂಬುವುದಿಲ್ಲ. ದೊಡ್ಡಪ್ಪ ಊಟ ಬಿಟ್ಟವನಲ್ಲ.

ಮುಂದಿನ ದೀಪಾವಳಿಗೆ ಸೀರೆ ಸರಿಯಾಗಿ ಬಂತು. "ಬೈದ ಮ್ಯಾಗ ಬುದ್ಧಿ ಬಂತು ನೋಡ್ರಿ ನಿಮ್ಮ ಮಗ್ಗಕ್ಕ," ಎಂದು ದೊಡ್ಡವ್ವ ಗೆದ್ದಳು. ದೊಡ್ಡಪ್ಪ ಎಲೆ ಅಡಿಕೆ ಹಾಕಿಕೊಂಡು ಮಗ್ಗಕ್ಕೆ ಇಳಿದ. ಅದರ ಮುಂದಿನ ವರ್ಷಗಳಲ್ಲೂ ಸರಿಯಾಗಿಯೇ ಬಂತು. ಮನೆಯಲ್ಲಿ ಶಾಂತಿ ನೆಲೆಸಿತು. ಮನೆಯಲ್ಲಿ ಶಾಂತಿ ನೆಲೆಸಿದಾಗ ವಿಚಾರಿಸಬೇಕು ಎಂಬ ಬುದ್ಧಿ ನಮಗೆ ಯಾರಿಗೂ ಇರಲಿಲ್ಲ.

ಆಗ ನಾನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿದ್ದೆ. ಊರಿಂದ ಬಂದವರನ್ನೆಲ್ಲ ಬಾದಾಮಿಗೂ ಐಹೊಳೆಗೂ ಕರೆದುಕೊಂಡು ಹೋಗಿ, ಗೊತ್ತಿದ್ದದ್ದು ಗೊತ್ತಿಲ್ಲದ್ದು ಎರಡನ್ನೂ ಒಂದೇ ದನಿಯಲ್ಲಿ ವಿವರಿಸುವ ಚಟವಿತ್ತು. ಆ ಕಲ್ಲುಗಳಲ್ಲಿ ಬಳುಕುವ ಹೆಂಗಸರಿದ್ದಾರೆ, ಹೊಟ್ಟೆ ಬಿಟ್ಟ ಕುಳ್ಳ ಗಣಗಳಿದ್ದಾರೆ. ಬೆನ್ನು ಬಾಗಿದ ಮುದುಕಿಯನ್ನು ಕಂಡ ನೆನಪಿಲ್ಲ. ಶಿಲ್ಪಿಗಳಿಗೂ ತಾಯಿ, ದೊಡ್ಡವ್ವ ಇದ್ದಿರಬೇಕಲ್ಲ! ಬಾಗುವುದು ವಯಸ್ಸಿನ ಗುಣ, ಅದರಲ್ಲಿ ಕೆತ್ತುವುದೇನಿದೆ ಎಂದುಕೊಂಡರೋ ಏನೋ. ನಾವೂ ಹಾಗೆಯೇ ಅಂದುಕೊಂಡಿದ್ದೆವು.

ಒಂದು ಬೆಳಿಗ್ಗೆ ನೀರಿನ ಕೊಡ ಎತ್ತುವಾಗ ದೊಡ್ಡವ್ವನ ಬೆನ್ನಲ್ಲಿ ಏನೋ ಚಟ್ಟೆಂದಿತು. ಎಣ್ಣೆ ತಿಕ್ಕಿದರು, ಬಿಸಿ ಇಟ್ಟಿಗೆಯ ಶಾಖ ಕೊಟ್ಟರು, ನೋವು ಹೋಗಲಿಲ್ಲ. ಗಂಡ ಹೆಂಡತಿ ಇಬ್ಬರೂ ಬಾಗಲಕೋಟೆಗೆ ಬಂದರು. ನಾನೇ ದವಾಖಾನೆಗೆ ಕರೆದೊಯ್ದೆ.

"ಅವ್ವಾರ, ಮೊದಲಿಗಿಂತ ಏನರ ಗಿಡ್ಡ ಆಗೀರೇನು?" ಎಂದು ಡಾಕ್ಟರು ಕೇಳಿದರು.

"ಗಿಡ್ಡ ಆಗಾಕ ನಾ ಏನು ಮೇಣಬತ್ತಿ ಏನ್ರಿ? ನನ್ನ ಸೀರಿ ಅಳತಿ ಒಂದ ನಮೂನಿ ಐತಿ. ಬೇಕಾರ ಇವರನ್ನ ಕೇಳ್ರಿ."

ಡಾಕ್ಟರು ತಲೆಯಾಡಿಸಿ, ಉಳುಕಿರಬೇಕು ಎನ್ನುತ್ತ ಹಚ್ಚಿಕೊಳ್ಳುವ ಮುಲಾಮು ಬರೆಯತೊಡಗಿದರು. ಅದನ್ನು ಹಚ್ಚಿಕೊಂಡು ದೊಡ್ಡವ್ವ ಊರಿಗೆ ಹೋಗಿ ಮತ್ತೆ ಕೊಡ ಎತ್ತುವವಳೇ. ಆಗ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ದೊಡ್ಡಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಸಾಹೇಬ್ರ, ಸೀರಿ ಅಗಲ ನಾನ ಸಣ್ಣ ಮಾಡೀನ್ರಿ. ವರ್ಷಾ ವರ್ಷಾ ಒಂದೀಟು ಎಳಿ ಬಿಟ್ಟು ನೇಯ್ಕೋತ ಬಂದೇನಿ. ಇಕಿಗೆ ಗೊತ್ತಿಲ್ರಿ."

ಇಳಕಲ್ಲಿನಲ್ಲಿ ಗಂಡಂದಿರು ಹೆಂಡತಿಯ ಮುಂದೆ ಸೋಲುವುದು ಹೀಗೆ: ಬಾಯಲ್ಲಲ್ಲ, ಮಗ್ಗದಲ್ಲಿ. ಆದರೆ ಆ ಸೋಲಿನಲ್ಲಿ ದೊಡ್ಡವ್ವನ ಬೆನ್ನು ಕುಸಿಯುತ್ತಿದ್ದುದು ಇಷ್ಟು ವರ್ಷ ಮುಚ್ಚಿಹೋಗಿತ್ತು.

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಎಕ್ಸ್‌ರೇ ಆಯಿತು, ಕ್ಷಯವೋ ಮತ್ತೊಂದೋ ಇರಬಾರದೆಂದು ರಕ್ತ ಪರೀಕ್ಷೆಯೂ ಆಯಿತು. ಬೆನ್ನಿನ ಮಣಿಗಳಲ್ಲಿ ಎರಡು ಮೂರು, ಕೂತರೆ ಅಮುಕಿಹೋಗುವ ಹಳೆಯ ದಿಂಬಿನಂತೆ ಚಪ್ಪಟೆಯಾಗಿದ್ದವು.

"ಕಾಲು ಗಿಡ್ಡ ಆಗಿಲ್ಲ. ಬೆನ್ನು ಕುಸದು ಸೊಂಟಾ ಇಳದೈತಿ, ಮೈ ಮುಂದ ಬಾಗೇತಿ. ಅದಕ್ಕ ನಿರಿಗಿ ನೆಲಕ್ಕ ಬಡೀತಿತ್ತು," ಎಂದರು ಡಾಕ್ಟರು. "ಎಲುಬು ಕಲ್ಲಲ್ರಿ ಯಜಮಾನ್ರ. ದಿನಾ ಒಂದಿಷ್ಟು ಬಿಚ್ಚತೈತಿ, ಒಂದಿಷ್ಟು ಕಟ್ಟತೈತಿ. ಹೆಣ್ಮಕ್ಕಳಿಗೆ ಮುಟ್ಟು ನಿಂತ ಮ್ಯಾಗ ಬಿಚ್ಚೂದು ಜೋರು, ಕಟ್ಟೂದು ನಿಧಾನ."

"ಅಂದ್ರ ಒಳಗಿನ ನೇಯ್ಗಿ ಜಾಳ ಆಗೇತಿ ಅನ್ರಿ," ಎಂದ ದೊಡ್ಡಪ್ಪ.

ಈ ರೋಗಕ್ಕೆ ಉದ್ದನೆಯ ಇಂಗ್ಲಿಷ್ ಹೆಸರೊಂದಿದೆ. ನಮ್ಮ ಮನೆಯಲ್ಲಿ ಅದು ಅಂದಿನಿಂದ, ಎಳೆ ಸಡಿಲಾದ ಬಟ್ಟೆಗೆ ಅನ್ನುವಂತೆ, 'ಜಾಳ'. ಅದು ಯಾರನ್ನು ಹುಡುಕಿಕೊಂಡು ಬರುತ್ತದೆಂದು ಡಾಕ್ಟರು ಹೇಳುತ್ತ ಹೋದಂತೆ, ದೊಡ್ಡವ್ವನ ಬದುಕನ್ನೇ ಓದಿದಂತಿತ್ತು. ಸಣಕಲು ಮೈಯವರು, ತಾಯಿಗೂ ಬೆನ್ನು ಬಾಗಿದ್ದವರು, ಬಿಸಿಲು ಕಾಣದ ಪಡಸಾಲೆಯಲ್ಲಿ ಕೂತು ನೂಲು ಸುತ್ತುವವರು, ಹಾಲನ್ನು ಗಂಡಸರಿಗೆ, ಮಕ್ಕಳಿಗೆ, ಬೆಕ್ಕಿಗೆ ಹಾಕಿ, ಪಾತ್ರೆ ತಾವು ತೊಳೆಯುವವರು. ಮದ್ದೆಂದರೆ ಸುಣ್ಣದ ಅಂಶದ ಗುಳಿಗೆ, ಡಿ ಜೀವಸತ್ವ, ಹಾಲು, ಮಜ್ಜಿಗೆ, ಎಳ್ಳು, ಬೆಳಗಿನ ಬಿಸಿಲಲ್ಲಿ ನಡಿಗೆ. ಕೊಡ ಎತ್ತುವಂತಿಲ್ಲ, ಮುಖ್ಯವಾಗಿ ಬೀಳುವಂತಿಲ್ಲ. "ಹೋದ ಎತ್ತರ ಬರಂಗಿಲ್ಲ. ಇದ್ದದ್ದು ಉಳಿಸಿಕೊಳ್ಳೂಣು. ಎಡವಿ ಬಿದ್ದು ತೊಡಿ ಎಲುಬು ಮುರಕೊಂಡ್ರ ಹಾಸಿಗಿ ಹಿಡೀತೀರಿ. ಆಗಾಗ ಎತ್ತರ ನೋಡ್ಕೋತ ಇರ್ರಿ," ಎಂದರು.

ಇಳಕಲ್ಲಿನ ಬಸ್ಸಿಗೆ ಕಾಯುವಾಗ ದೊಡ್ಡವ್ವ ಗಂಡನ ಕಡೆ ತಿರುಗಿದಳು. "ಮೊದಲ ಹೇಳಿದ್ರ ಆಗತಿರಲಿಲ್ಲೇನು?" ಎಂದಳು.

"ಹೇಳಿದ್ರ ನೀ ಉಡತಿದ್ದೇನು?"

ಅವಳು ನಕ್ಕಳೋ ಅತ್ತಳೋ, ನಾನು ಎರಡನ್ನೂ ಬೇರೆ ಬೇರೆ ಸಲ ಹೇಳಿದ್ದೇನೆ.

ಈಗ ಸೀರೆಯ ಎಳೆ ಬಿಡುವುದು ಗುಟ್ಟಲ್ಲ. ಉದ್ದ ನಿರಿಗೆ ಕಾಲಿಗೆ ತೊಡರಬಾರದಲ್ಲ. ದೀಪಾವಳಿಗೆ ಮೊದಲು ದೊಡ್ಡಪ್ಪ ಅವಳನ್ನು ಗೋಡೆಗೆ ನಿಲ್ಲಿಸಿ, ನೆತ್ತಿಯಿಂದ ನೆಲದವರೆಗೆ ಗೇಣಿನಿಂದ ಅಳೆದು, "ಅಷ್ಟ ಐತಿ" ಎನ್ನುತ್ತಾನೆ. ಬೇರೆ ಮನೆಗಳಲ್ಲಿ ಬೆಳೆದರೆ ಹಬ್ಬ. ಇಲ್ಲಿ ಅಷ್ಟೇ ಇದ್ದರೆ ಹಬ್ಬ. ಆ ಎರಡು ಮಾತು ಕೇಳಲು ಅವಳು ವರ್ಷವಿಡೀ ಬಿಸಿಲಲ್ಲಿ ನಡೆಯುತ್ತಾಳೆ, ಬೆಕ್ಕಿನ ಹಾಲನ್ನು ಅರ್ಧ ತಾನು ಕುಡಿಯುತ್ತಾಳೆ.

ಹೋದ ಸಲ ನಾನು ಹೋದಾಗಲೂ ಅಷ್ಟೇ ಇತ್ತು. ದೊಡ್ಡಪ್ಪ ಸಂಭ್ರಮದಿಂದ ಮಗ್ಗಕ್ಕೆ ಇಳಿದ. ದೊಡ್ಡವ್ವ ನನ್ನನ್ನು ಅಡುಗೆಮನೆಗೆ ಕರೆದು, ದನಿಯನ್ನು ಆದಷ್ಟು ಸಣ್ಣದು ಮಾಡಿದಳು.

"ಮುಂದಿನ ಸಲ ಬರೂ ಮುಂದ ಪ್ಯಾಟ್ಯಾಗಿಂದ ಒಂದು ಟೇಪು ತಾರೋ. ಇವರು ಗೇಣು ಸಣ್ಣ ಮಾಡಿ ಅಳ್ಯಾಕತ್ತಾರ."