ಚೌಡಣ್ಣನ ಸೋಮವಾರದ ಬುತ್ತಿ

ಹರಪನಹಳ್ಳಿ ನಿಲ್ದಾಣದ ಪಕ್ಕ ಬೇವಿನ ಮರದ ನೆರಳಿಗೆ ಬಸ್ಸು ನಿಂತ ಮೇಲೆ ಕಂಡಕ್ಟರ್ ಚೌಡಣ್ಣ ಹಿಂದಿನ ಸೀಟಿನಲ್ಲಿ ಕೂತು ಬುತ್ತಿ ಬಿಚ್ಚಿದ. ಸೋಮವಾರ ಅವನ ಬುತ್ತಿಯಲ್ಲಿ ಮಜ್ಜಿಗೆ ಅನ್ನ ಇರುವುದು ವಾಡಿಕೆ. ಅವತ್ತು ಇದ್ದದ್ದು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ.

ರೊಟ್ಟಿ ಮುರಿದು ಬಾಯಿಗಿಟ್ಟ. ಕಟಕ್ಕೆಂದಿತು. ಎಡಗಡೆ ಅಗಿದ, ಬಲಗಡೆ ಅಗಿದ. ಎಲ್ಲೂ ನೋವಿಲ್ಲ.

ಡ್ರೈವರ್ ಪಾಲಯ್ಯ ಕನ್ನಡಿಯಲ್ಲಿ ನೋಡಿ ನಕ್ಕ. "ಏನಲೇ ಚೌಡ, ನಿನ್ನೆ ಕೊಟ್ರಸ್ವಾಮಿ ಗುದ್ದಾಕ ಬಂದಿದ್ನೋ, ಮೈ ಒತ್ತಾಕ ಬಂದಿದ್ನೋ?"

ಚೌಡಣ್ಣ ನಗಲಿಲ್ಲ. ಉಳಿದ ರೊಟ್ಟಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಟ್ಟ.

ನಲವತ್ತರ ಹತ್ತಿರದ ಚೌಡಣ್ಣ ನೂರು ಕಿಲೋ ದಾಟಿದ ಆಳು. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ನಡುವೆ ಓಡುವ ಆ ಖಾಸಗಿ ಬಸ್ಸಿನಲ್ಲಿ ಅವನು ಹಿಂದಿನಿಂದ ಮುಂದಕ್ಕೆ ಬಂದರೆ ನಿಂತವರೆಲ್ಲ ಸೀಟುಗಳ ಮೇಲೆ ವಾಲಬೇಕು. "ಕಂಡಕ್ಟ್ರಪ್ಪಾ, ನೀನೂ ಎರಡು ಟಿಕೀಟ್ ತಗಾ" ಎಂದು ಸಂತೆಗೆ ಹೊರಟ ಹೆಂಗಸರು ಚುಡಾಯಿಸುತ್ತಾರೆ. ಸುತ್ತಲ ಐದು ತಾಲ್ಲೂಕು ಹುಡುಕಿದರೂ ಹೆವಿವೇಟ್ ಬಾಕ್ಸರ್ ಎನ್ನಿಸಿಕೊಂಡವರು ಇಬ್ಬರೇ. ಒಬ್ಬ ಇವನು, ಇನ್ನೊಬ್ಬ ಕೊಟ್ಟೂರಿನ ಇಪ್ಪತ್ತೆರಡು ವಯಸ್ಸಿನ ಕೊಟ್ರಸ್ವಾಮಿ. ಹಾಗಾಗಿ ಭಾನುವಾರ ಮಧ್ಯಾಹ್ನ, ಕೊಟ್ಟೂರಿನ ಮುಚ್ಚಿದ ಎಣ್ಣೆ ಗಿರಣಿಯೊಂದರಲ್ಲಿ ಕಂಬಗಳಿಗೆ ಹಗ್ಗ ಕಟ್ಟಿಕೊಂಡು, ಕೊಟ್ರಸ್ವಾಮಿಯ ಎದುರು ನಿಂತು ಪೆಟ್ಟು ತಿನ್ನುವ ಕೆಲಸ ಚೌಡಣ್ಣನ ಪಾಲಿಗೆ ಬಂದಿದೆ.

ಕೊಟ್ರಸ್ವಾಮಿ ಎರಡು ವರ್ಷದಿಂದ ರಾಜ್ಯ ಚಾಂಪಿಯನ್. ಉದ್ದ ಕೈ, ಚುರುಕು ಕಾಲು. ಎದುರಾಳಿಗಿಂತ ಮೊದಲು ಮುಟ್ಟುತ್ತಾನೆ, ಮುಟ್ಟಿದ್ದಕ್ಕೆ ಅಂಕ ಸಿಗುತ್ತದೆ. ಆ ತೂಕಕ್ಕೆ ಇಡೀ ರಾಜ್ಯದಿಂದ ಬರುವವರೇ ನಾಲ್ಕೈದು ಮಂದಿ. ಈಗ ದುಡ್ಡಿನ ಪಂದ್ಯ ನಡೆಸುವ ಬೆಂಗಳೂರಿನವನೊಬ್ಬ ಅವನನ್ನು ಕರೆಯುತ್ತಿದ್ದಾನೆ. ಸಹಿ ಹಾಕಿದರೆ ಹವ್ಯಾಸಿ ಕೂಟಗಳು ಮುಗಿದವು, ಪೊಲೀಸ್ ಇಲಾಖೆಯ ಕ್ರೀಡಾ ಕೋಟಾ ನೌಕರಿಯ ಆಸೆಯೂ ಅಲ್ಲಿಗೆ ಮುಗಿಯಿತು. ಅದರ ಆಯ್ಕೆ ಮುಂದಿನ ತಿಂಗಳೇ ಇದೆ. ಸಹಿಗೆ ಮುಂಚೆ ಬೆಂಗಳೂರಿನವನು ಚೌಡಣ್ಣನಿಗೆ ಫೋನ್ ಮಾಡಿದ್ದ: "ನೀವು ಅವನ ಪೆಟ್ಟು ತಿಂದೋರು. ಹೇಗಿದ್ದಾನೆ ಅಂತ ಮುಂದಿನ ಸೋಮವಾರ ಹೇಳಿ."

ಆ ದಾರಿ ಚೌಡಣ್ಣನಿಗೆ ಗೊತ್ತು. ಹತ್ತು ವರ್ಷದ ಹಿಂದೆ ಅವನೂ ಹೀಗೇ ಸಹಿ ಹಾಕಿದ್ದ. ದೆಹಲಿ, ಪುಣೆ ಎಂದು ಓಡಾಡಿ ಒಂದೂ ಪಂದ್ಯ ಗೆಲ್ಲದೆ ಮರಳಿದ. ಕೊನೆಯ ಸಲ ಬಂದಾಗ ದವಡೆ ತೆರೆಯಲು ಬರುತ್ತಿರಲಿಲ್ಲ. ಮದುವೆಯಾಗಿ ಇನ್ನೂ ವರ್ಷ ತುಂಬದ ಶಿವಮ್ಮ ಅನ್ನವನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿಸಿದ್ದಳು. ಗುದ್ದಾಟದ ಮರುದಿನ ಮಜ್ಜಿಗೆ ಅನ್ನ ಎಂಬುದು ಅಂದಿನಿಂದ ಬಂದ ಪದ್ಧತಿ.

ಸಂಜೆ ಮನೆಗೆ ಬಂದವನೇ ಕೇಳಿದ. "ಇವತ್ತ್ಯಾಕ ರೊಟ್ಟಿ ಕಟ್ಟಿದಿ?"

"ಎರಡು ತಿಂಗಳಿಂದ ನೋಡಾಕತ್ತೀನಿ" ಎಂದಳು ಶಿವಮ್ಮ. "ಭಾನುವಾರ ಗುದ್ದಿಸಿಕೊಂಡು ಬರ್ತೀರಿ, ಸಂಜಿಗೆ ಮಿರ್ಚಿ ಮಂಡಕ್ಕಿ ತಿಂತೀರಿ. ದವಡಿ ಗಟ್ಟಿ ಐತಿ, ರೋಗಿ ಊಟ ಯಾಕ ಮತ್ತ?"

"ನಾ ದೊಡ್ಡಾವ ಅಂತ ಕೊಟ್ರ ಮರ್ಯಾದಿ ಕೊಟ್ಟು ಕೈ ಹಗೂರ ಬಿಡ್ತಾನ."

"ಹಂಗಾದ್ರ ಮರ್ಯಾದಿ ಮನ್ಯಾಗಿಟ್ಟು ಬಾ ಅನ್ರಿ."

ಅದು ಮರ್ಯಾದೆಯೇ ಆಗಿರಲಿ ಎಂದು ಚೌಡಣ್ಣ ವಾರವಿಡೀ ಬೇಡಿಕೊಂಡ.

ಭಾನುವಾರ ಗಿರಣಿಯಲ್ಲಿ ಗ್ಲೌಸ್ ಕಟ್ಟಿಕೊಂಡ ಮೇಲೆ ಹೇಳಿದ. "ಲೇ ಕೊಟ್ರ, ಇವತ್ತು ನಾನು ನಿನ್ನ ಅಣ್ಣ ಅಲ್ಲ. ಎಷ್ಟೈತೋ ಅಷ್ಟೂ ಹಾಕು."

"ಬ್ಯಾಡಣ್ಣ, ನಾಳಿ ನಿಮಗ ಡ್ಯೂಟಿ ಐತಿ."

"ಹೊಡಿಯಲೇ. ಮದುವಿ ಮನ್ಯಾಗ ಅಕ್ಕಿಕಾಳು ಹಾಕಿದಂಗ ಹಾಕಬ್ಯಾಡ."

ಕೊಟ್ರಸ್ವಾಮಿಯ ಮುಖ ಬಿಗಿಯಿತು. ಎರಡನೇ ಸುತ್ತಿನಲ್ಲಿ ಚೌಡಣ್ಣ ಬೇಕೆಂದೇ ಕೈ ಇಳಿಸಿ ದವಡೆ ಕೊಟ್ಟ. ಬಲಗೈ ಬಂತು. ಅದರ ಹಿಂದೆ ಸೊಂಟ ತಿರುಗಿತ್ತು, ಭುಜ ಬಂದಿತ್ತು, ಉಸಿರು ಹೊರಬಿದ್ದಿತ್ತು, ಯಾವುದರಲ್ಲೂ ತಪ್ಪಿರಲಿಲ್ಲ. ಚೌಡಣ್ಣನ ತಲೆ ಪಕ್ಕಕ್ಕೆ ಹೊರಳಿ ಬೆವರು ಹಾರಿತು. ಕಿವಿ ಗುಂಯ್ ಎನ್ನುತ್ತದೆ, ಮೊಣಕಾಲು ಸಡಿಲವಾಗುತ್ತದೆ ಎಂದು ಅವನು ಕಾದ. ಆಗಲಿಲ್ಲ. ಇನ್ನೊಂದು ಬಂತು, ಮತ್ತೊಂದು ಬಂತು. ಕೊನೆಗೆ ಕೊಟ್ರಸ್ವಾಮಿ ಬಾಯಿ ತೆರೆದುಕೊಂಡು ಹಗ್ಗಕ್ಕೆ ಒರಗಿದ. ಅವನು ಏನನ್ನೂ ಉಳಿಸಿಕೊಂಡಿರಲಿಲ್ಲ.

ಊಟಕ್ಕೆ ಇಬ್ಬರೂ ಚೌಡಣ್ಣನ ಮನೆಗೆ ಬಂದರು. ಶಿವಮ್ಮ ಕಡಕ್ ರೊಟ್ಟಿ ಇಟ್ಟು ಹಿಂಡಿಪಲ್ಯ ಬಡಿಸಿದಳು. ಚೌಡಣ್ಣ ರೊಟ್ಟಿ ಮುರಿದು ಅಗಿದ. ಪಕ್ಕದಲ್ಲಿ ಕೂತ ಕೊಟ್ರಸ್ವಾಮಿಯ ಕೈ ತಾಟಿನಲ್ಲೇ ನಿಂತಿತು.

"ದವಡಿ ನೋವಾಗ್ಲಿಲ್ಲೇನಣ್ಣ?"

"ಇಲ್ಲಪ್ಪ."

"ನಾ ಪೂರಾ ಹಾಕಿದ್ದೆ."

"ಗೊತ್ತಾತು."

"ಜಿಮ್ಮಿಗೆ ಹೋದ್ರ ಪೆಟ್ಟಿಗೆ ಭಾರ ಬರ್ತತೇನು?"

"ಮೈ ಬರ್ತತಿ. ಪೆಟ್ಟು ಬರಾದಿಲ್ಲ. ಪೊಲೀಸ್ ಸೆಲೆಕ್ಷನ್ನಿಗೆ ಹೋಗು. ಅವರ ಆಟದಾಗ ಮುಟ್ಟಿದ್ರ ಸಾಕು, ನಿನಗ ಮುಟ್ಟಾಕ ಚಲೋ ಬರ್ತತಿ."

ಕೊಟ್ರಸ್ವಾಮಿ ತಾಟನ್ನು ಪಕ್ಕಕ್ಕೆ ಸರಿಸಿದ. "ನಿಮಗೂ ಹಿಂಗ ಯಾರರ ಹೇಳಿದ್ರೇನು?"

"ಹೇಳಿದ್ರು."

"ಕೇಳಿದ್ರೇನು?"

ಚೌಡಣ್ಣ ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡ.

ಸೋಮವಾರ ಅದೇ ಬೇವಿನ ಮರದ ಕೆಳಗಿನಿಂದ ಅವನು ಬೆಂಗಳೂರಿಗೆ ಫೋನ್ ಮಾಡಿದ. "ಕಾಲು ಚಲೋ ಅದಾವ್ರಿ, ಕೈ ಉದ್ದ ಐತಿ. ಪೆಟ್ಟಿನಾಗ ಭಾರ ಇಲ್ಲ. ಬಿಟ್ಟುಬಿಡ್ರಿ ಅವನ್ನ."

"ಭಾರ ಇಲ್ದಿದ್ರೆ ಪರವಾಗಿಲ್ಲ ಚೌಡಣ್ಣ. ಆರಡಿ ಮೇಲಿದ್ದಾನೆ, ಪೋಸ್ಟರಲ್ಲಿ ಚೆನ್ನಾಗಿ ಕಾಣ್ತಾನೆ. ಅದೊಂದು ಹೇಳಿ, ಬೇಗ ಬೀಳಲ್ಲ ತಾನೇ?"

ಚೌಡಣ್ಣ ಫೋನ್ ಇಟ್ಟ. ಹತ್ತು ವರ್ಷದ ಹಿಂದೆ ಅವನ ಬಗ್ಗೆಯೂ ಯಾರೋ ಇದೇ ಪ್ರಶ್ನೆ ಕೇಳಿದ್ದರು. ಆಗ ಅವನು ಅದನ್ನು ಹೊಗಳಿಕೆ ಎಂದುಕೊಂಡಿದ್ದ. ಅವರಿಗೆ ಬೇಕಾದದ್ದು ತಮ್ಮ ಆಳು ಗೆಲ್ಲುವಾಗ ಎದುರಿಗೆ ಒಂದಷ್ಟು ಹೊತ್ತು ನಿಂತಿರುವ ದೊಡ್ಡ ಮೈ.

ಕೊಟ್ರಸ್ವಾಮಿಗೆ ಫೋನ್ ಮಾಡಿ ಅದನ್ನೂ ಹೇಳಿದ. "ಅವರು ನಿನ್ನ ಕರಿಯಾಕತ್ತಿದ್ದು ಸೋಲಾಕ."

"ಒಂದು ಸಲ ನೋಡ್ತೀನಣ್ಣ" ಎಂದ ಕೊಟ್ರಸ್ವಾಮಿ.

ಗುರುವಾರ ಅವನು ಬೆಂಗಳೂರಿಗೆ ಹೋಗಿ ಸಹಿ ಹಾಕಿದ. ಮೊದಲ ಪಂದ್ಯ ಮುಂದಿನ ತಿಂಗಳ ಕೊನೆಗೆ ಪುಣೆಯಲ್ಲಿ. ಪೊಲೀಸ್ ಆಯ್ಕೆ ಅದಕ್ಕೂ ಮೊದಲೇ, ಅವನಿಲ್ಲದೆ ನಡೆಯುತ್ತದೆ. ಪಂದ್ಯದ ದಿನ ಅವನ ಮೂಲೆಯಲ್ಲಿ ಟವೆಲ್ ಹಿಡಿದು ನಿಲ್ಲುವವನು ಚೌಡಣ್ಣ. ಸಾಕೆನ್ನಿಸಿದಾಗ ಅದನ್ನು ರಿಂಗಿನೊಳಗೆ ಎಸೆದು ಪಂದ್ಯ ನಿಲ್ಲಿಸಬೇಕಾದವನೂ ಅವನೇ. ಚೌಡಣ್ಣ ಪುಣೆಯಿಂದ ಬರುವ ತನಕ ಬಸ್ಸಿಗೆ ಪಾಲಯ್ಯನ ತಮ್ಮ ಕಂಡಕ್ಟರ್.